ಪಡೆದವರು ಕೊಡುವವರಾಗುವ ಬಗೆ

ಕೇರಳದ ಕಾಲಡಿಯನ್ನು ಹಾದು ಬರುವ ಪೆರಿಯಾರ್ ನದಿ ಕವಲೊಡೆದು ಏಲೂರನ್ನು ದ್ವೀಪವಾಗಿಸುತ್ತದೆ. ಮೇಲಿನ ಊರು ಕರ್ಮದ ಮಿತಿಯನ್ನು ಬಿಡಿಸಿ ಹೇಳಿದ ಶಂಕರರದು. ಕೆಳಗಿನದು 1947ರಿಂದ ಫ್ಯಾಕ್ಟ್ ಕಾರ್ಖಾನೆ ರಸಗೊಬ್ಬರ ತಯಾರಿಸುತ್ತ ಬಂದಿರುವ ದುಡಿಮೆಯ ಊರು. ಅಲ್ಲಿಂದ ಹೆಚ್ಚು ದೂರವಿಲ್ಲದ ಕಾಕ್ಕನಾಡಿನಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯದ ವಾರ್ಷಿಕ ಸಮ್ಮೇಳನ ಭಾರತದಲ್ಲಿ ಮೊದಲ ಬಾರಿಗೆ ನಡೆಯಿತು. ಈ ಸಮುದಾಯದ ಬಹುಪಾಲು ಕೆಲಸ ಬಳಕೆದಾರರ ಕಣ್ಣಿಗೆ ಬೀಳುವುದೇ ಇಲ್ಲ. ಬೇರೆಯವರು ಬರೆದ ತಂತ್ರಾಂಶವನ್ನು ಎಲ್ಲರೂ ನಂಬಿ ಬಳಸಬಹುದಾದ ಪ್ಯಾಕೇಜಾಗಿ ಕಟ್ಟುವವರು ಕೆಲವರು. ಆ ಕಟ್ಟುವ ಕೆಲಸವನ್ನೇ ಹಗುರಗೊಳಿಸುವ ಸಣ್ಣ ಸಲಕರಣೆಗಳನ್ನು ಮಾಡುವವರು ಇನ್ನು ಕೆಲವರು. ಈ ಎರಡನೆಯವರ ಕೆಲಸ ನಮ್ಮ ಹಳೆಯ ಪ್ರಶ್ನೆಯೊಂದನ್ನು ಮತ್ತೆ ಎದುರಿಗೆ ತರುತ್ತದೆ. ಫಲವನ್ನು ಬಯಸದೆ ದುಡಿದರೆ ಸಾಕೆ? ಆ ದುಡಿಮೆಯಿಂದ ಪಡೆದವರು ಏನಾದರು ಎಂದೂ ಕೇಳಬೇಕೆ? ಕೇಳಲೇಬೇಕು ಎಂಬುದು ನನ್ನ ವಾದ. ಕೊಡುವವರ ಮನಸ್ಸು ನಿರ್ಮಲವಾಗಿದ್ದ ಮಾತ್ರಕ್ಕೆ ಕೊಡುಗೆ ಪೂರ್ಣವಾಗದು. ಪಡೆದವರೂ ಕೊಡಬಲ್ಲವರಾದಾಗ ಅದು ಪೂರ್ಣವಾಗುತ್ತದೆ.

ಪ್ಯಾಕೇಜ್ ಕಟ್ಟುವ ಕೆಲಸ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಮೂಲ ಕೋಡನ್ನು ತಂದು, ಅದು ಯಾವ ಯಾವ ಲೈಬ್ರರಿಗಳನ್ನು ನೆಚ್ಚಿಕೊಂಡಿದೆ ಎಂದು ಪಟ್ಟಿ ಮಾಡಬೇಕು. ಯಾವ ಕಡತಕ್ಕೆ ಯಾವ ಲೈಸೆನ್ಸ್ ಎಂದು ಓದಿ ದಾಖಲಿಸಬೇಕು. ಬೇರೇನೂ ಇಲ್ಲದ ಶುದ್ಧ ಪರಿಸರದಲ್ಲಿ ಕಟ್ಟಿ, ಓಡಿಸಿ ಪರೀಕ್ಷಿಸಬೇಕು. ಕೇರಳದ ಡೆಬಿಯನ್ ಡೆವಲಪರ್ ಪ್ರವೀಣ್ ಅರಿಂಬ್ರತ್ತೊಡಿಯಿಲ್ ಮತ್ತು ಅವರ ಜೊತೆಗಾರರು ಗಿಟ್‌ಲ್ಯಾಬ್ ತಂತ್ರಾಂಶವನ್ನು ಡೆಬಿಯನ್‌ಗೆ ತರಲು ಹೊರಟಾಗ, ಅದು ನೂರಾರು ರೂಬಿ ಮತ್ತು ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಮೇಲೆ ನಿಂತಿತ್ತು. ಡೆಬಿಯನ್ ಕ್ರಮದಲ್ಲಿ ಅವನ್ನು ಬೇರೆ ಬೇರೆ ಪ್ಯಾಕೇಜುಗಳಾಗಿ ಸಿದ್ಧಪಡಿಸಬೇಕು. ಇಂಥ ಕಡೆ ಜೆಮ್2ಡೆಬ್, ಎನ್‌ಪಿಎಂ2ಡೆಬ್‌ನಂಥ ಸಲಕರಣೆಗಳು ಕೈಗೆ ಬರುತ್ತವೆ: ಲೈಬ್ರರಿಯನ್ನು ತೋರಿಸಿದರೆ ಪ್ಯಾಕೇಜಿಗೆ ಬೇಕಾದ ಕಡತಗಳ ಕರಡನ್ನು ಅವು ಬರೆದುಕೊಡುತ್ತವೆ. 2008ರಲ್ಲಿ ಡೆಬ್‌ಹೆಲ್ಪರ್ ಎಂಬ ಸಲಕರಣೆಯ 7ನೆಯ ಆವೃತ್ತಿ ಬಂದ ಮೇಲೆ, ಹಿಂದೆ ಉದ್ದುದ್ದ ಬರೆಯಬೇಕಿದ್ದ ನಿಯಮಗಳ ಕಡತ ಸರಳ ಪ್ಯಾಕೇಜುಗಳಲ್ಲಿ ಮೂರೇ ಸಾಲಿಗೆ ಇಳಿಯಿತು. ಇದರಿಂದ ಉಳಿದದ್ದು ಸಮಯ ಮಾತ್ರ ಅಲ್ಲ. ಹಿಂದೆ ಪಳಗಿದ ಕೈಗಳಷ್ಟೇ ಮುಟ್ಟುತ್ತಿದ್ದ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಯೂ ಕೈಹಾಕುವಂತಾಯಿತು. ನಮ್ಮ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲಿ ಯಾರಿಗೂ ಸಿಗುವಂತಿರುವುದು ಪ್ಯಾಕೇಜ್ ಕಟ್ಟುವ ಕೈಗಳಿಂದಲೇ.

ಇನ್ನು ಆ ಹಳೆಯ ಪ್ರಶ್ನೆ. ಫಲ ಬಯಸದ ದುಡಿಮೆಯ, ಅಂದರೆ ನಿಷ್ಕಾಮ ಕರ್ಮದ, ಅಳತೆಗೋಲು ಮಾಡುವವನ ಒಳಗಿದೆ. ಶಂಕರರ ಪ್ರಕಾರ ಬಯಕೆಯಿಲ್ಲದ ಕರ್ಮ ಚಿತ್ತವನ್ನು ಶುದ್ಧಗೊಳಿಸುತ್ತದೆ, ಜ್ಞಾನಕ್ಕೆ ಹದಗೊಳಿಸುತ್ತದೆ. ಮುಕ್ತಿ ಮಾತ್ರ ಜ್ಞಾನದಿಂದಲೇ. ಈ ಮಾತಿನ ಆಳವನ್ನು ಅಲ್ಲಗಳೆಯಲಾಗದು. ಆದರೆ ಇಲ್ಲೊಂದು ತೊಡಕಿದೆ. ಯಾವ ಆಸೆಯೂ ಇಲ್ಲದೆ ಒಬ್ಬರು ಸಲಕರಣೆಯೊಂದನ್ನು ಮಾಡಿ, ಅದು ತಮಗೊಬ್ಬರಿಗೇ ಅರ್ಥವಾಗುವಂತೆ ಬಿಟ್ಟರೆ, ಬಳಸುವವರು ಕೊನೆಯವರೆಗೂ ಅವರ ಬಾಗಿಲಲ್ಲೇ ಕಾಯಬೇಕಾಗುತ್ತದೆ. ಮನಸ್ಸು ಶುದ್ಧ, ಆದರೆ ಕೊಡುಗೆ ಇನ್ನೊಬ್ಬರನ್ನು ಕಟ್ಟಿಹಾಕಿತು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯ ಜೊತೆಗೆ ದಾಸೋಹವನ್ನು ಇಟ್ಟು ಈ ಕೊರತೆಯನ್ನು ತುಂಬಿದರು. ನುಲಿಯ ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮರಿಗೆ ಉಣಬಡಿಸುತ್ತಿದ್ದವನು. ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕೆಲಸ ನಿಲ್ಲಿಸಲಿಲ್ಲ ಎಂಬುದು ಅವನ ಕಥೆ. ಅವನು ಮಾಡುತ್ತಿದ್ದ ವಸ್ತುವನ್ನೂ ನಾವು ಗಮನಿಸಬೇಕು. ಹಗ್ಗ ತಾನೇ ಉಣ್ಣುವ ಅನ್ನವಲ್ಲ. ಅದು ಇನ್ನೊಬ್ಬರ ಕಪಿಲೆಗೆ, ಬಂಡಿಗೆ, ದನದ ಕೊರಳಿಗೆ ಸಲ್ಲುವಂಥದ್ದು. ಕೊಂಡವರ ಕಾಯಕ ಅದರಿಂದ ಮುಂದೆ ಸಾಗುತ್ತದೆ. ಪ್ಯಾಕೇಜಿಂಗ್ ಸಲಕರಣೆಯೂ ಹೊಸೆದ ಹಗ್ಗದಂಥದ್ದು. ಅದರ ಬೆಲೆ ಅದರೊಳಗೆ ಇಲ್ಲ, ಹಿಡಿದ ಕೈ ಮುಂದೆ ಏನು ಮಾಡಬಲ್ಲದು ಎಂಬುದರಲ್ಲಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಶ್ರಮವೇ ಸಾಧನೆಯಾದರೆ, ಶ್ರಮವನ್ನು ಹಗುರ ಮಾಡುವುದು ಸಾಧನೆಯನ್ನೇ ಕಸಿದುಕೊಂಡಂತಲ್ಲವೆ? ಕರಡನ್ನು ಯಂತ್ರ ಬರೆದುಕೊಟ್ಟರೆ ಕಲಿಯುವವರು ಏನು ಕಲಿತಾರು? ಉತ್ತರ, ಹಗುರವಾದದ್ದು ಯಾವ ಶ್ರಮ ಎಂಬುದರಲ್ಲಿದೆ. ಕ್ರಿಯೆಗೆ ಅರಿವು ಕೂಡದಿದ್ದರೆ ಅದು ಬರಿದು ಎಂದು ಶರಣರು ಎಷ್ಟೋ ಬಗೆಯಲ್ಲಿ ಹೇಳಿದ್ದಾರೆ. ನೂರನೆಯ ಸಲ ಅದೇ ಹೆಸರು, ಅದೇ ವಿವರಗಳನ್ನು ತುಂಬುವುದರಲ್ಲಿ ಅರಿವು ಬೆಳೆಯುವುದಿಲ್ಲ, ಬಳಲುತ್ತದೆ. ಎನ್‌ಪಿಎಂ2ಡೆಬ್ ಲೈಸೆನ್ಸಿನ ಕರಡು ಕೊಟ್ಟರೂ ಅದು ಸರಿಯೇ ಎಂದು ನೋಡುವ ಹೊಣೆ ಮನುಷ್ಯನದೇ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ತಂತ್ರಾಂಶದ ಪ್ರಕರಣ ಈ ಹೊಣೆಯ ತೂಕವನ್ನು ತೋರಿಸಿತು. ವರ್ಷಗಟ್ಟಲೆ ನಂಬಿಕೆ ಗಳಿಸಿ ಸಹ-ನಿರ್ವಾಹಕನಾದವನೊಬ್ಬ ಆ ತಂತ್ರಾಂಶದಲ್ಲಿ ಹಿಂಬಾಗಿಲನ್ನು ಅಡಗಿಸಿದ್ದ. ಅದನ್ನು ಜೀವಗೊಳಿಸುವ ಭಾಗ ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿತ್ತು. ಅದು ಡೆಬಿಯನ್‌ನ ಪರೀಕ್ಷಾ ಶಾಖೆಗಳವರೆಗೂ ಬಂದಿತ್ತು. ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದು ಅವರ ಗಮನಕ್ಕೆ ಬಂದು, ಬೆನ್ನುಹತ್ತಿದರು. ಆ ಎಚ್ಚರವನ್ನು ಯಾವ ಸಲಕರಣೆಯೂ ಕೊಡಲಾರದು. ಆದರೆ ಬೇಸರದ ಕೆಲಸವನ್ನು ತಾನು ಹೊತ್ತು, ಎಚ್ಚರಕ್ಕೆ ಬಿಡುವು ಮಾಡಿಕೊಡಬಲ್ಲದು. ಅರಿವನ್ನು ಮನುಷ್ಯನಲ್ಲೇ ಉಳಿಸಿ ಆವರ್ತನೆಯನ್ನಷ್ಟೇ ತೆಗೆದುಕೊಳ್ಳುವ ಸಲಕರಣೆ ಸಾಧನೆಗೆ ನೆರವು. ಅರಿವನ್ನೂ ತೆಗೆದುಕೊಂಡು ಕಣ್ಣುಮುಚ್ಚಿ ಒಪ್ಪಿಸುವಂಥದ್ದು ನಿಜಕ್ಕೂ ಆಕ್ಷೇಪಕ್ಕೆ ಅರ್ಹ.

ಎರಡನೆಯ ಆಕ್ಷೇಪ ಇನ್ನೂ ನೋವಿನದು. ನಿಷ್ಕಾಮ, ದಾಸೋಹ ಎಂಬ ಮಾತುಗಳು ಬಿಟ್ಟಿ ದುಡಿಸಿಕೊಳ್ಳುವವರಿಗೆ ಅನುಕೂಲವಲ್ಲವೆ? ಎಕ್ಸ್‌ಝಡ್‌ನ ಮೂಲ ನಿರ್ವಾಹಕರು ಬಹುಕಾಲ ಹೆಚ್ಚುಕಡಿಮೆ ಒಬ್ಬರೇ ಅದನ್ನು ನೋಡಿಕೊಂಡವರು, ದಣಿದಿದ್ದವರು. ಆ ದಣಿವೇ ವಂಚಕನಿಗೆ ದಾರಿಯಾಯಿತು. ಜಗತ್ತಿನ ದೊಡ್ಡ ಕಂಪನಿಗಳ ಸರ್ವರುಗಳೂ ಅವರ ಕೆಲಸದ ಮೇಲೆ ನಿಂತಿದ್ದವು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ತಗಲುವುದು ಕೊಡುವವರನ್ನಷ್ಟೇ ನೋಡುವ ನೀತಿಗೆ. ಶರಣರ ನೀತಿ ಪಡೆಯುವವರನ್ನೂ ಕಟ್ಟುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಆ ಅಕ್ಕಿ ದಾಸೋಹಕ್ಕೇ ಆಗಿದ್ದರೂ ಮಿತಿ ಮೀರುವಂತಿರಲಿಲ್ಲ. ಸುಮ್ಮನೆ ಸಿಕ್ಕಿತೆಂದು ಎಷ್ಟು ಬೇಕಾದರೂ ಬಾಚಿಕೊಂಡು, ದೋಷವೊಂದನ್ನೂ ತಿದ್ದಿ ಕಳಿಸದ, ನಿರ್ವಾಹಕರ ಅನ್ನದ ಬಗ್ಗೆ ಕೇಳದ ಬಳಕೆದಾರ ಲಕ್ಕಮ್ಮನ ಮುಂದೆ ನಿಲ್ಲಲಾರ. ಹೊಣೆ ಹೊರುವ ದಾರಿಗಳೂ ಇವೆ. 2001ರಲ್ಲಿ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆರಂಭವಾದ ತಿರುವನಂತಪುರದಲ್ಲೇ ಕೇರಳ ಸರ್ಕಾರ ಐಸಿಫಾಸ್ ಎಂಬ ಸಂಸ್ಥೆಯನ್ನು ಮುಕ್ತ ತಂತ್ರಾಂಶಕ್ಕೆಂದೇ ಸ್ಥಾಪಿಸಿದೆ. ರಾಜ್ಯದ ಶಾಲೆಗಳು ಮುಕ್ತ ತಂತ್ರಾಂಶದಿಂದಲೇ ಕಂಪ್ಯೂಟರ್ ಕಲಿಸುತ್ತಿವೆ. ಸಾರ್ವಜನಿಕರು ಪಡೆದದ್ದಕ್ಕೆ ಸಾರ್ವಜನಿಕ ಹಣ ನೆರವಾಗುವುದು ದಾನವಲ್ಲ, ಋಣ ತೀರಿಸುವುದು. ಕರ್ನಾಟಕದಂಥ ತಂತ್ರಾಂಶ ರಾಜ್ಯ ಈ ಋಣವನ್ನು ಇನ್ನೂ ಹೆಚ್ಚು ಗಂಭೀರವಾಗಿ ಎಣಿಸಬೇಕು.

ನೂರಿನ್ನೂರು ಸಾಲಿನ ಸ್ಕ್ರಿಪ್ಟಿಗೆ ಶರಣರ ಹೆಸರು ಹೇಳುವುದು ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಅದನ್ನು ಬರೆದವರು ದೇವರನ್ನು ನಂಬದವರೂ ಇರಬಹುದು. ಆದರೆ ಮಡಿವಾಳ, ಅಂಬಿಗ, ನೂಲುವವಳು, ಹಗ್ಗ ಹೊಸೆಯುವವನು ಎಂದು ಶರಣರು ತಮ್ಮ ಹೆಸರಿನೊಂದಿಗೆ ಇಟ್ಟುಕೊಂಡದ್ದು ಸಣ್ಣ ಕಸುಬುಗಳನ್ನೇ. ಕಾಯಕದ ಮುಂದೆ ಅವರು ಕೇಳಿದ್ದು, ಅದು ಸತ್ಯವೇ, ಸಮುದಾಯಕ್ಕೆ ಸಲ್ಲುತ್ತದೆಯೇ ಎಂದು. ಸಲಕರಣೆ ಮಾಡುವವರು ತಮ್ಮ ಕೆಲಸಕ್ಕೆ ಇದೇ ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ಹೊಸಬರೊಬ್ಬರು ನಮ್ಮನ್ನು ಕೇಳದೆ ಇದನ್ನು ಬಳಸಬಲ್ಲರೇ? ಒಳಗೆ ಏನು ನಡೆಯುತ್ತದೆಂದು ಓದಿ ತಿಳಿಯಬಲ್ಲರೇ? ನಾವು ಬಿಟ್ಟುಹೋದರೆ ಮುಂದುವರಿಸಬಲ್ಲರೇ? ಮೂರಕ್ಕೂ ಹೌದೆನ್ನಬಹುದಾದರೆ ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೂ ಕೊಡುಗೆ ನಡೆಯುತ್ತಲೇ ಇರುತ್ತದೆ. ಪಡೆದವರು ಯಾರ ಹಂಗಿಗೂ ಬೀಳದೆ ತಾವೂ ಕೊಡತೊಡಗುವುದಕ್ಕಿಂತ ದೊಡ್ಡ ಫಲವಿಲ್ಲ. ಆ ಫಲವನ್ನು ನಿಷ್ಕಾಮಿಯೂ ಬಯಸಬಹುದು, ಬಯಸಬೇಕು.