ಹೆಚ್ಚಾದ ಅಕ್ಕಿ, ಹೆಚ್ಚಾದ ನೀರು



ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಪುತ್ತೂರು, ಸುಳ್ಯ, ಕಡಬಗಳೆಂದರೆ ನೀರಿನ ನಾಡು. ವರ್ಷಕ್ಕೆ ಮೂರೂವರೆ ಸಾವಿರದಿಂದ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆಯದು. ಹಾವೇರಿ, ಗದಗಗಳಲ್ಲಿ ಐದಾರು ವರ್ಷಗಳ ಮಳೆಯನ್ನು ಕೂಡಿಟ್ಟರೆ ಅಷ್ಟಾದೀತು. ಕುಮಾರಧಾರೆ, ನೇತ್ರಾವತಿ, ಪಯಸ್ವಿನಿಗಳು ಹರಿಯುವ ಆ ನೆಲದಲ್ಲಿ ಬೇಸಗೆ ಬಂತೆಂದರೆ ಕೊಡಪಾನ ಹಿಡಿದು ಟ್ಯಾಂಕರಿಗೆ ಕಾಯುವ ತಾಯಂದಿರಿದ್ದಾರೆಂದು ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ. ಕಣ್ಣಾರೆ ಕಾಣುವವರೆಗೆ ನಾವೂ ನಂಬಿರಲಿಲ್ಲ. 2019ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಧರ್ಮಸ್ಥಳದಲ್ಲಿ ನೇತ್ರಾವತಿಯ ನೀರು ಬತ್ತಿ, ಯಾತ್ರೆಯನ್ನು ಕೆಲವು ದಿನ ಮುಂದೂಡಿರೆಂದು ಧರ್ಮಾಧಿಕಾರಿ ಶ್ರೀ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಂಡದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬರುವ ಭಕ್ತರನ್ನು ಬರಬೇಡಿರೆಂದು ಕ್ಷೇತ್ರವೇ ಹೇಳಬೇಕಾದ ಕಾಲ ಬಂತಲ್ಲಾ ಎಂದು ಅಂದು ನಾವು ಮರುಗಿದೆವು.

ಆ ಸೀಮೆ ನಮಗೆ ಪರಕೀಯವೇನೂ ಅಲ್ಲ. ಇಕ್ಕೇರಿಯ ಅರಸರು ಆಳಿದ ನೆಲವದು. ಅನಂತರ ಅಮರಸುಳ್ಯ, ಪುತ್ತೂರು ಸೀಮೆಗಳು ಹಾಲೇರಿ ವಂಶದ ಕೊಡಗಿನ ಅರಸರಿಗೆ ಸೇರಿ 1834ರವರೆಗೂ ಅವರಲ್ಲಿದ್ದವು. ಎರಡೂ ಮನೆತನಗಳು ಲಿಂಗವಂತರವೇ. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಆ ನೆಲದ ರೈತರು ಎದ್ದು ಮಂಗಳೂರಿನವರೆಗೆ ನಡೆದ ಕಥೆ ಸುಪ್ರಸಿದ್ಧವಾದುದು. ಇಂದು ಅಲ್ಲಿ ನಮ್ಮವರ ಮನೆಗಳು ವಿರಳ. ನೌಕರಿಗೆಂದು ಹೋಗಿ ಅಲ್ಲಿಯೇ ನೆಲೆನಿಂತ ಒಂದು ಕುಟುಂಬದಲ್ಲಿ 2024ರ ಏಪ್ರಿಲ್ ತಿಂಗಳಲ್ಲಿ ನಾವು ಎರಡು ದಿನ ತಂಗಿದ್ದೆವು.

ಯಜಮಾನರು ನಿವೃತ್ತ ಶಿಕ್ಷಕರು. ಪುತ್ತೂರು ಕಡಬಗಳ ನಡುವಿನ ಒಂದು ಗ್ರಾಮದಲ್ಲಿ ಒಂದೆಕರೆ ಅಡಿಕೆ ತೋಟ ಮಾಡಿಕೊಂಡು, ನಿತ್ಯ ಲಿಂಗಾರ್ಚನೆ ತಪ್ಪಿಸದೆ ಬಾಳುತ್ತಿರುವ ಸಜ್ಜನರು. ಸಾಯಂಪೂಜೆ ಮುಗಿದ ಮೇಲೆ ಬಳಿಗೆ ಬಂದು ಕುಳಿತು, “ಅಪ್ಪಾವರೇ, ತಮ್ಮಲ್ಲಿ ಒಂದು ವಿಷಯ ನಿವೇದಿಸಿಕೊಳ್ಳಬೇಕು” ಎಂದರು. ಯಾವುದೋ ಶಾಸ್ತ್ರಸಂದೇಹವಿರಬೇಕೆಂದು ನಾವು ಎಣಿಸಿದೆವು. ಅವರು ಮಾತನ್ನಾರಂಭಿಸಿದ್ದು ಪಂಪಿನಿಂದ.

ಆ ಗ್ರಾಮದಲ್ಲಿ ತೋಟದ ಪಂಪಿಗೆ ವಿದ್ಯುತ್ತು ಬರುವ ವೇಳೆ ಗೊತ್ತಾಗುವಂತಿಲ್ಲ. ಒಮ್ಮೆ ನಡುರಾತ್ರಿ, ಒಮ್ಮೆ ಬೆಳಗಿನ ಜಾವ. ಮೊದಲು ಟಾರ್ಚು ಹಿಡಿದು, ಹಾವಿಗಂಜುತ್ತ ಪಂಪಿನ ಕೊಟ್ಟಿಗೆಗೆ ಹೋಗಬೇಕಾಗಿತ್ತು. ಮಗ ಬೆಂಗಳೂರಿನಿಂದ ಬಂದು ಮೊಬೈಲ್ ಸ್ಟಾರ್ಟರ್ ಎಂಬ ಯಂತ್ರವನ್ನು ಜೋಡಿಸಿಕೊಟ್ಟ. ಎಲ್ಲಿಂದ ಕರೆ ಮಾಡಿದರೂ ಪಂಪು ಓಡುವುದು, ಕರೆ ಮಾಡಿದರೆ ನಿಲ್ಲುವುದು. ಆರು ತಿಂಗಳು ಅದರಿಂದ ಸುಖವಾಯಿತೆನ್ನಬೇಕು. ಮಾರ್ಚ್ ತಿಂಗಳಲ್ಲಿ ಬಂಧುಗಳ ಮದುವೆಗೆಂದು ಹಾವೇರಿಗೆ ಹೋದವರು ಅಲ್ಲಿಂದಲೇ ಪಂಪನ್ನು ಚಾಲು ಮಾಡಿದರು. ನಿಲ್ಲಿಸಹೋದರೆ ಊರಿನ ಟವರು ಸತ್ತಿತ್ತು. ಕರೆಂಟು ಹೋದರೆ ಟವರೂ ಹೋಗುವುದು ಆ ಗುಡ್ಡೆಗಳಲ್ಲಿ ಸಾಮಾನ್ಯ. ತೋಟದ ತಂತಿಗೆ ಕರೆಂಟು ಮರಳಿತು, ಟವರಿಗೆ ಮರಳಲಿಲ್ಲ. ಪಂಪು ಇರುಳೆಲ್ಲ ಓಡಿತು. ಕೊಳವೆಬಾವಿಯ ನೀರು ಮುಗಿದ ಮೇಲೂ ಓಡಿತು. ನೀರೊಳಗಿರುವ ಆ ಮೋಟಾರಿಗೆ ಸುತ್ತಲಿನ ನೀರೇ ತಂಪು. ನೀರು ಕೆಳಗಿಳಿದೊಡನೆ ಕಾದು ಸುಟ್ಟುಹೋಯಿತು. ಅದನ್ನು ಮೇಲೆತ್ತಿ, ತಂತಿ ಸುತ್ತಿಸಿ, ಮತ್ತೆ ಇಳಿಸಲು ಒಂಬತ್ತು ದಿನ ಹಿಡಿಯಿತು.

ಹೊಸ ಯಂತ್ರಗಳ ಮೇಲಿನ ದೂರು ಆ ಸೀಮೆಯಲ್ಲಿ ಇವರೊಬ್ಬರದೇ ಅಲ್ಲ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆ ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ಕಂಡಿತು. ಪಡಿತರದ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ಪಡೆಯಬೇಕಷ್ಟೆ. ಅಡಿಕೆ ಸುಲಿದು, ಹುಲ್ಲು ಹೆರೆದು ಗೆರೆ ಸವೆದ ಮುದುಕಿಯ ಬೆರಳನ್ನು ಯಂತ್ರ ಗುರುತಿಸದು. ಕಾಯಕ ಮಾಡಿದ ಕೈಯನ್ನೇ ಅರಿಯದ ಯಂತ್ರವನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯದು. ಆದರೂ ಯಂತ್ರವನ್ನು ಹಳಿಯುವುದಕ್ಕೆ ನಾವು ಈ ಮಾತನ್ನೆತ್ತಲಿಲ್ಲ. ರಾತ್ರಿ ಹಾವಿನ ಭಯವಿಲ್ಲದೆ ಮಲಗುವುದು ಯಾರಿಗೆ ಬೇಡ?

ಶಿಕ್ಷಕರ ಸಂಕಟವೂ ಮೋಟಾರಿನದಾಗಿರಲಿಲ್ಲ. ಅವರ ತೋಟದ ಕೆಳಬದಿಗೆ ಹಿರಿಯ ಹೆಣ್ಣುಮಗಳೊಬ್ಬರ ಮನೆಯಿದೆ. ಒಂಟಿಜೀವ, ಹಟ್ಟಿಯಲ್ಲಿ ಒಂದು ದನ, ಅಂಗಳದಲ್ಲಿ ಮೂವತ್ತು ಅಡಿಯ ಹಳೆಯ ಬಾವಿ. ಮೂರು ಬೇಸಗೆಗಳಿಂದ ಆ ಬಾವಿ ಮಾರ್ಚ್‌ನಲ್ಲಿಯೇ ತಳ ಕಾಣುತ್ತಿತ್ತು. “ಮಾಸ್ಟ್ರೇ, ನಿಮ್ಮ ಪಂಪು ಬಂದ ಮೇಲೆ ಹೀಗಾಯಿತು” ಎಂದು ಆಕೆ ಒಂದೆರಡು ಸಲ ಅಂದದ್ದುಂಟು. “ನನ್ನದು ನಾನೂರು ಅಡಿಯ ಕೊಳವೆ, ನಿಮ್ಮದು ಮೂವತ್ತು ಅಡಿಯ ಬಾವಿ, ಎಲ್ಲಿಗೆಲ್ಲಿಯ ಸಂಬಂಧ ಅಕ್ಕ?” ಎಂದು ಇವರು ಸಮಾಧಾನ ಹೇಳಿದ್ದರು. ಮೋಟಾರು ಸುಟ್ಟು ಪಂಪು ನಿಂತ ನಾಲ್ಕನೆಯ ದಿನ ಆಕೆಯ ಬಾವಿಯಲ್ಲಿ ನೀರು ಕಂಡಿತು. ಎಂಟನೆಯ ದಿನ ಕೊಡಪಾನ ಮುಳುಗುವಷ್ಟಾಯಿತು. ಹತ್ತನೆಯ ದಿನ ಪಂಪು ಮತ್ತೆ ಓಡಿತು. ಒಂದು ವಾರದಲ್ಲಿ ಬಾವಿ ಮೊದಲಿನಂತಾಯಿತು. ಈ ಸಲ ಆಕೆ ಏನೂ ಅನ್ನಲಿಲ್ಲ.

ಆ ನೆಲದ ರಚನೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೇಲೆ ಮುರಕಲ್ಲಿನ ಪದರ, ಅದರಡಿ ಜೇಡಿಮಣ್ಣು, ಅದಕ್ಕೂ ಕೆಳಗೆ ಗಟ್ಟಿಬಂಡೆ. ಹಳೆಯ ಬಾವಿ ಮುರಕಲ್ಲಿನಲ್ಲಿ ಇಂಗಿದ ಮಳೆನೀರನ್ನು ಹಿಡಿಯುತ್ತದೆ. ಕೊಳವೆಬಾವಿ ಬಂಡೆಯ ಬಿರುಕುಗಳ ನೀರನ್ನು ಹೀರುತ್ತದೆ. ಆ ಬಿರುಕುಗಳು ಮೇಲಿನ ಪದರಕ್ಕೆ ಕೂಡಿಕೊಂಡಿರುವೆಡೆಯಲ್ಲಿ ಕೆಳಗೆ ಹೀರಿದ್ದು ಮೇಲಿನಿಂದಲೇ ಇಳಿದು ಬರತಕ್ಕದ್ದು. ಎಲ್ಲೆಡೆಯೂ ಹೀಗಾಗುವುದೆಂದಲ್ಲ. ಇಲ್ಲಿ ಆಗಿತ್ತೆಂಬುದಕ್ಕೆ ಒಂಬತ್ತು ದಿನಗಳೇ ಸಾಕ್ಷಿಯಾಗಿದ್ದವು.

“ಆಕೆಗೆ ನನ್ನ ಟಾಂಕಿಯಿಂದ ಪೈಪು ಎಳೆದುಕೊಡುತ್ತೇನೆಂದೆ, ಅಪ್ಪಾವರೇ. ದಾಸೋಹವೆಂದು ಮನಃಪೂರ್ವಕವಾಗಿಯೇ ಹೇಳಿದೆ. ‘ಪೈಪು ಬೇಡ ಮಾಸ್ಟ್ರೇ, ನನ್ನ ಬಾವಿಯಲ್ಲಿ ನೀರಿದ್ದರೆ ಸಾಕು’ ಎಂದುಬಿಟ್ಟರು. ಕೊಟ್ಟರೂ ಕೊಳ್ಳದವರಿಗೆ ನಾನೇನು ಮಾಡಲಿ?” ಎಂದು ಶಿಕ್ಷಕರು ಕಣ್ಣೊರಸಿಕೊಂಡರು.

ಮಹನೀಯರೇ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ತಾವು ನೂರು ಸಲ ಕೇಳಿದ್ದೀರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರು ಅದನ್ನು ಕಂಡು ಗಂಡನನ್ನು ತಡೆದರು. ಆ ಹೆಚ್ಚಿನ ಅಕ್ಕಿಯಿಂದ ಇನ್ನೂ ನಾಲ್ಕು ಜಂಗಮರಿಗೆ ಉಣಬಡಿಸೋಣವೆಂದು ಆ ತಾಯಿ ಹೇಳಬಹುದಾಗಿತ್ತು. ಹೇಳಲಿಲ್ಲ. ಎಲ್ಲಿಂದ ತಂದಿರೋ ಅಲ್ಲಿಗೇ ಮರಳಿಸಿ ಬನ್ನಿರೆಂದು ಕಳುಹಿಸಿದರು. ಹೆಚ್ಚಾದುದು ಕಾಯಕದ ಫಲವಲ್ಲ. ಕಾಯಕದ ಫಲವಲ್ಲದುದು ದಾಸೋಹಕ್ಕೂ ಸಲ್ಲದು. ಇದು ಆ ಕಥೆಯ ತಿರುಳು. ನಾವಾದರೋ ಮೊದಲು ಹೆಚ್ಚಾಗಿ ಎತ್ತಿಕೊಂಡು, ಬಳಿಕ ಅದರಲ್ಲಿ ಒಂದು ಪಾಲನ್ನು ನೆರೆಯವರಿಗೆ ನೀಡಿ, ಅದನ್ನು ದಾಸೋಹವೆನ್ನುತ್ತೇವೆ. ಆ ಹೆಣ್ಣುಮಗಳು ಬೇಡವೆಂದದ್ದು ದಾನವನ್ನು. ಕೇಳಿದ್ದು ತನ್ನದನ್ನು. ಲಕ್ಕಮ್ಮನವರ ಹೆಸರನ್ನು ಆಕೆ ಕೇಳಿರಲಾರರು. ನ್ಯಾಯವನ್ನು ಮಾತ್ರ ಅವರಂತೆಯೇ ಅರಿತಿದ್ದರು.

ಇದನ್ನು ಕೇಳಿ ಶಿಕ್ಷಕರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ತೋಟವನ್ನು ಒಣಗಿಸಲೇ?” ಎಂದರು. ಆ ಪ್ರಶ್ನೆ ಸಣ್ಣದಲ್ಲ. ಅಡಿಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು. ಒಂದು ಬೇಸಗೆಯಲ್ಲಿ ಸೋತರೆ ಆ ವರ್ಷಗಳೇ ನಷ್ಟ. ನಾವಿಬ್ಬರೂ ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದು ತಜ್ಞರ ಶಿಫಾರಸು. ಎಕರೆಗೆ ಸುಮಾರು 550 ಮರ. ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರ್. ಮನುಷ್ಯನೊಬ್ಬನಿಗೆ ದಿನಕ್ಕೆ 55 ಲೀಟರ್ ಎಂಬುದು 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಅಳತೆ. ಐದು ಜನರ ಮನೆಗಾದರೆ 275 ಲೀಟರ್. ಒಂದೆಕರೆ ತೋಟದ ಒಂದು ದಿನದ ನೀರು ಮೂವತ್ತಾರು ಮನೆಗಳ ಒಂದು ದಿನದ ನೀರು! ಅದೂ ಹನಿ ಹನಿಯಾಗಿ ಕೊಟ್ಟಾಗ. ಶಿಕ್ಷಕರ ತೋಟದಲ್ಲಿದ್ದದ್ದು ತುಂತುರು. ಪಂಪು ದಿನಕ್ಕೆ ಎಷ್ಟು ಲೀಟರ್ ಎತ್ತುತ್ತದೆ ಎಂದು ಕೇಳಿದೆವು. ಹದಿನಾಲ್ಕು ವರ್ಷ ಗಣಿತ ಪಾಠ ಹೇಳಿದ ಅವರಿಗೆ ಅದು ತಿಳಿದಿರಲಿಲ್ಲ.

ಇದೇ ವಿಚಾರಣೀಯವಾದ ಅಂಶವೆಂದು ನಮಗೆ ತೋರುತ್ತದೆ. ಹಗ್ಗದಿಂದ ನೀರು ಸೇದುವವನಿಗೆ ನೀರು ಎಷ್ಟು ಕೆಳಗಿಳಿದಿದೆಯೆಂಬುದನ್ನು ತೋಳೇ ಹೇಳುತ್ತಿತ್ತು. ಏತ ಎಳೆಯುವವನ ಬೆನ್ನು ಹೇಳುತ್ತಿತ್ತು. ಕಾಯಕದಲ್ಲಿ ದಣಿವಿದೆ, ಆ ದಣಿವೇ ಅಳತೆಗೋಲು. ಈಗ ಹಾವೇರಿಯಲ್ಲಿ ಬೆರಳೊತ್ತಿದರೆ ಕಡಬದಲ್ಲಿ ನೀರು ಬರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ತೋಟದ ಪಂಪಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಬೆಲೆಯೂ ಇಲ್ಲ. ದಣಿವಿಲ್ಲ, ಬೆಲೆಯಿಲ್ಲ, ತಳ ಕಾಣುವುದಿಲ್ಲ. ಹೀಗಿರುವಲ್ಲಿ ಎಷ್ಟು ಹೆಚ್ಚಾಯಿತೆಂದು ಹೇಳುವ ಲಕ್ಕಮ್ಮ ಯಾರು? ಲಿಂಗಕ್ಕೆ ನೀರೆರೆಯುವಾಗ ಉದ್ಧರಣೆಯಷ್ಟನ್ನೇ ಎರೆದು, ಅದರ ಹನಿಯೂ ಕೆಳಗೆ ಬೀಳದಂತೆ ಸ್ವೀಕರಿಸುತ್ತೇವಲ್ಲವೆ? ಅದೇ ನೀರು ತೋಟಕ್ಕೆ ಹೋದೊಡನೆ ಪ್ರಸಾದವಲ್ಲದೆ ಹೋಯಿತೆ?

ಆ ಸೀಮೆಯ ಹಿರಿಯರು ಇದನ್ನು ಅರಿಯದವರಲ್ಲ. ಮಳೆ ಹಿಂದೆ ಸರಿದ ಮೇಲೆ, ಡಿಸೆಂಬರ್ ಜನವರಿಗಳಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ಕಟ್ಟ ಕಟ್ಟುತ್ತಿದ್ದರು. ಮಳೆಗಾಲದ ನೆರೆಗೆ ಅದು ಕೊಚ್ಚಿಹೋಗುವುದು. ಮರುವರ್ಷ ಮತ್ತೆ ಕಟ್ಟುವುದು. ನಾಲ್ಕು ಮನೆಯವರು ಕೂಡದೆ ಕಟ್ಟವಿಲ್ಲ. ನಿಂತ ನೀರು ಎರಡೂ ದಡದ ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳನ್ನು ಕಾಯುತ್ತಿತ್ತು. ಮನೆಗೊಂದು ಪಂಪು ಬಂದಂತೆ ನೆರೆಯವನ ಹಂಗು ತಪ್ಪಿತು, ಕಟ್ಟಗಳೂ ಕಡಿಮೆಯಾದವು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯೂ ಅದರ ಶ್ರೀಪಡ್ರೆಯವರೂ ಈ ಕಟ್ಟ, ಮದಕ, ಸುರಂಗಗಳ ಅರಿವನ್ನು ಮರಳಿ ಜನಕ್ಕೆ ಮುಟ್ಟಿಸಲು ದೀರ್ಘಕಾಲ ಶ್ರಮಿಸಿದ್ದಾರೆ. ಪಕ್ಕದ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿಗಾಗಿ ಮರ ಹತ್ತುತ್ತಿದ್ದವರು. ತಮಗೆ ದೊರೆತ ಬೋಳುಗುಡ್ಡೆಯಲ್ಲಿ ದಿನದ ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಸುರಂಗ ಬರಿದಾಗಿ ಹೋಯಿತು, ಬಿಡಲಿಲ್ಲ. ಕೊನೆಗೆ ನೀರು ಬಂದಿತು, ಗುಡ್ಡೆ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಗೌರವವೂ ಬಂದಿತು. ಸುರಂಗದ ನೀರು ತಾನಾಗಿ ಜಿನುಗಿ ಬರುವಷ್ಟೇ. ಹೆಚ್ಚು ಬೇಕೆಂದು ಹೀರಲು ಬಾರದು.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರನ್ನು ಒಡ್ಡನೆಂದು ಕೆಣಕಿದ ಪ್ರಸಂಗವನ್ನು ಇಲ್ಲಿ ಕೆಲವರು ನೆನೆಯಬಹುದು. ಕೆರೆ ಕಟ್ಟುವುದು ತಪ್ಪೆಂದು ಪ್ರಭುಗಳು ಹೇಳಲಿಲ್ಲ. ಕಟ್ಟಿದವನು ನಾನೆಂಬುದನ್ನು ಬಿಡಿಸಿದರು. ಇಂಗುಗುಂಡಿ ತೋಡಿ, ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ನಮ್ಮ ಕಾಲಕ್ಕೆ ಈ ಮಾತು ಸಾಕು.

ಶಿಕ್ಷಕರು ಆ ವರ್ಷವೇ ತುಂತುರನ್ನು ತೆಗೆಸಿ ಹನಿ ನೀರಾವರಿ ಹಾಕಿಸಿದರು. ನೀರು ಕೆಳಗಿಳಿದರೆ ತಾನೇ ನಿಲ್ಲುವ ಸಾಧನವನ್ನು ಪಂಪಿಗೆ ಜೋಡಿಸಿದರು. ಸೂರಿನ ಮಳೆನೀರನ್ನು ಸೋಸಿ ಆಕೆಯ ಬಾವಿಗೆ ಬಿಡಲು ಅನುಮತಿ ಕೇಳಿದಾಗ ಆಕೆ ಎರಡು ದಿನ ಯೋಚಿಸಿ ಒಪ್ಪಿದರಂತೆ. ಮೂರು ಮನೆಯವರು ಸೇರಿ ತೋಡಿಗೆ ಕಟ್ಟ ಹಾಕಬೇಕೆಂದು ಮಾಡಿದ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ಮೂರನೆಯ ಮನೆಯವರಿಗೆ ಹೊಸ ಕೊಳವೆಬಾವಿ ಸಿಕ್ಕಿತ್ತು.

2025ರ ಏಪ್ರಿಲ್‌ನಲ್ಲಿ ನಾವು ಮತ್ತೆ ಆ ಮನೆಗೆ ಹೋದೆವು. ಆಕೆಯ ಬಾವಿಕಟ್ಟೆಯ ಕಂಬಕ್ಕೆ ಮೊಳಕ್ಕೊಂದರಂತೆ ಗಂಟು ಹಾಕಿದ ಹಗ್ಗವೊಂದು ತೂಗುತ್ತಿತ್ತು. ದಿನವೂ ಬೆಳಿಗ್ಗೆ ಶಿಕ್ಷಕರು ಬಂದು ಅದನ್ನು ಬಾವಿಗೆ ಇಳಿಬಿಟ್ಟು ನೋಡಿ, ಆಮೇಲೆ ಪಂಪಿನ ವೇಳೆಯನ್ನು ನಿಶ್ಚಯಿಸುತ್ತಾರೆ. ನೀರು ನಾಲ್ಕನೆಯ ಗಂಟಿಗಿಂತ ಕೆಳಗಿದ್ದರೆ ಅಂದು ತೋಟಕ್ಕೆ ಉಪವಾಸ. ತೋಟದ ಮೇಲ್ಬದಿಯ ಮೂವತ್ತು ಮರಗಳು ಆ ಬೇಸಗೆಯಲ್ಲಿ ಸೊರಗಿದ್ದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. “ಈ ಸಲ ಬಿಸುವಿನ ದಿನವೂ ದನಕ್ಕೆ ನೀರಿತ್ತು” ಎಂದು ಆ ಅಕ್ಕ ನಮಗೆ ಮಜ್ಜಿಗೆ ಕೊಡುತ್ತ ಹೇಳಿದರು. ಶಿಕ್ಷಕರ ಕಡೆಗೆ ತಿರುಗಿ, “ಮಾಸ್ಟ್ರೇ, ಇವತ್ತು ಎಷ್ಟನೆಯ ಗಂಟು?” ಎಂದು ಕೇಳಿದರು.