ಆಯವ್ಯಯವೂ ಅಂತಃಕರಣವೂ

ಕಣಜ ತುಂಬಿರುವಾಗ ಹಂಚಿಕೆಯ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ಅಳೆದು ಕೊಡುವವನು ಉದಾರಿಯಾಗಿರುತ್ತಾನೆ, ಪಡೆಯುವವನು ತೃಪ್ತನಾಗಿರುತ್ತಾನೆ. ಕಣಜದ ತಳ ಕಾಣತೊಡಗಿದಾಗ ಯಾರ ಪಾಲನ್ನು ಮೊದಲು ತಗ್ಗಿಸಬೇಕೆಂಬ ಪ್ರಶ್ನೆ ಎದುರಾಗುತ್ತದೆ. ಮೇಲುನೋಟಕ್ಕೆ ಅದು ಲೆಕ್ಕಪತ್ರದ ಪ್ರಶ್ನೆಯೆಂದು ತೋರಿದರೂ ವಾಸ್ತವವಾಗಿ ಧರ್ಮದ ಪ್ರಶ್ನೆ. ಇಂದು ನಾಡಿನ ಅನೇಕ ವಿಶ್ವವಿದ್ಯಾಲಯಗಳು ಅದರ ಮುಂದೆ ನಿಂತಿವೆ. ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಹಲವರು ಮಠದ ನೆರಳಿನಲ್ಲಿ ಓದಿ ಅಧ್ಯಾಪಕರೋ, ಪ್ರಾಂಶುಪಾಲರೋ, ಆಡಳಿತ ಸಮಿತಿಗಳ ಸದಸ್ಯರೋ ಆದವರು. ಇನ್ನು ಹಲವರು ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿರುವವರು. ಆದುದರಿಂದ ಈ ವಿಷಯವನ್ನು ನಿಮ್ಮೊಡನೆ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಕೊರತೆ ಬಂದ ಬಗೆಯನ್ನು ಮೊದಲು ಅರಿಯಬೇಕು. ಸರ್ಕಾರದ ಅನುದಾನ ವಿಶ್ವವಿದ್ಯಾಲಯದ ಆದಾಯಕ್ಕೆ ಒಂದು ಮೂಲ; ಕಾಲೇಜುಗಳಿಂದ ಬರುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳು ಇನ್ನೊಂದು. ಹೊಸ ವಿಶ್ವವಿದ್ಯಾಲಯವೊಂದು ಹುಟ್ಟಿದಾಗಲೆಲ್ಲ ಹಳೆಯದರ ಈ ಎರಡನೆಯ ಮೂಲ ಬತ್ತುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಿಂದ 2004ರಲ್ಲಿ ನಮ್ಮ ತುಮಕೂರು ವಿಶ್ವವಿದ್ಯಾಲಯ ಬೇರೆಯಾಯಿತು. 2017ರಲ್ಲಿ ಬೆಂಗಳೂರಿನದೇ ಮೂರು ಪಾಲಾಯಿತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಿಂದ ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳ ಕಾಲೇಜುಗಳು ಈಚಿನ ವರ್ಷಗಳಲ್ಲಿ ಕಳಚಿಕೊಂಡವು. ಕಾಲೇಜುಗಳು ಹೋದವು, ನಿವೃತ್ತರ ಪಿಂಚಣಿಯ ಹೊಣೆ ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯಿತು. ಬೇರೆ ಸಂಸಾರ ಹೂಡಿದ ಹೊಸ ಮನೆಗಳಾದರೂ ಸುಖವಾಗಿವೆಯೇ? 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಬೀದರಿನದೊಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಚ್ಚುವ ಅಭಿಪ್ರಾಯಕ್ಕೆ ಬಂದ ಸಂಗತಿ ನಿಮಗೆ ನೆನಪಿರಬಹುದು. ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬುದೇ ಅದಕ್ಕೆ ಕೊಟ್ಟ ಕಾರಣ.

ಇಂಥ ಹೊತ್ತಿನಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂದು ತೀರ್ಮಾನಿಸುವವರು ಯಾರು? 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮವು ಹಣಕಾಸು ಸಮಿತಿ, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತುಗಳನ್ನು ಏರ್ಪಡಿಸಿದೆ. ಕೊನೆಯ ಸಹಿ ಬೀಳುವುದು ಅಲ್ಲಿ. ಆದರೆ ಯಾವ ಹುದ್ದೆ ಅಗತ್ಯ, ಯಾವ ವೆಚ್ಚ ಅನಗತ್ಯ ಎಂಬ ಮಾತು ಮೊಳೆಯುವುದು ಅದಕ್ಕೂ ಮೊದಲು, ವಿಭಾಗಗಳ ಮತ್ತು ಸಿಬ್ಬಂದಿಯ ಸಭೆಗಳಲ್ಲಿ. ಆ ಕೊಠಡಿಯೊಳಗೆ ಒಮ್ಮೆ ಕಣ್ಣು ಹಾಯಿಸಿರಿ. ಅಲ್ಲಿ ಕುಳಿತವರು ಬಹುಮಟ್ಟಿಗೆ ಕಾಯಂ ಅಧ್ಯಾಪಕರು ಹಾಗೂ ಅಧಿಕಾರಿಗಳು. ಅತಿಥಿ ಉಪನ್ಯಾಸಕ, ಗುತ್ತಿಗೆಯ ಮೇಲಿರುವ ಗ್ರಂಥಾಲಯ ಸಹಾಯಕ, ವಿದ್ಯಾರ್ಥಿನಿಲಯದ ಅಡುಗೆಯವರು, ಕಸ ಗುಡಿಸುವ ತಾಯಿ, ಸಹಾಯಧನವನ್ನೇ ನಂಬಿ ಸಂಶೋಧನೆಗೆ ಬಂದ ಬಡ ವಿದ್ಯಾರ್ಥಿ, ಇವರಲ್ಲಿ ಯಾರೂ ಅಲ್ಲಿಲ್ಲ. ಕಡಿತದ ಪಟ್ಟಿ ಸಿದ್ಧವಾದಾಗ ಅದರ ತಲೆಯ ಮೇಲಿರುವುದೂ ಬಹುಪಾಲು ಇವರೇ. ಇದರಲ್ಲಿ ಯಾರ ದುಷ್ಟತನವೂ ಇರಬೇಕಾಗಿಲ್ಲ. ಕಣ್ಣೆದುರಿಗಿರುವ ಸಹೋದ್ಯೋಗಿಯ ಸಂಕಟ ನಮಗೆ ಕಾಣುತ್ತದೆ. ಕಣ್ಣಿಗೆ ಬೀಳದವನ ಸಂಕಟ ಅಂಕಿಯಾಗಿ ಮಾತ್ರ ಕಾಣುತ್ತದೆ. ಸಜ್ಜನರೇ ಕೂಡಿ ಅನ್ಯಾಯ ಮಾಡುವ ಬಗೆ ಇದು.

2022ರ ಜನವರಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11 ಸಾವಿರ, ಅರ್ಹತೆಯಿದ್ದವರಿಗೆ 13 ಸಾವಿರ ರೂಪಾಯಿ ಇದ್ದಿತು. ಅವರ ದೀರ್ಘ ಮುಷ್ಕರದ ಬಳಿಕ ಸರ್ಕಾರ ಅದನ್ನು ಅರ್ಹತೆ, ಅನುಭವಗಳಿಗನುಗುಣವಾಗಿ 26 ಸಾವಿರದಿಂದ 32 ಸಾವಿರದವರೆಗೆ ಏರಿಸಿತು. ಸ್ವಾಗತಾರ್ಹವಾದ ನಿರ್ಣಯವೇ ಸರಿ. ಆದರೆ ಅದರೊಡನೆಯೇ ವಾರದ ಕಾರ್ಯಭಾರವನ್ನು ಸುಮಾರು 8 ಗಂಟೆಗಳಿಂದ 15 ಗಂಟೆಗಳಿಗೆ ಹೆಚ್ಚಿಸಲಾಯಿತು. ಕಾಲೇಜಿನಲ್ಲಿ ಪಾಠದ ಒಟ್ಟು ಗಂಟೆಗಳು ಹೆಚ್ಚಲಿಲ್ಲ. ಆದುದರಿಂದ ಹೆಚ್ಚುಕಡಿಮೆ ಇಬ್ಬರ ಪಾಠ ಒಬ್ಬನ ಪಾಲಾಗಿ, ಇನ್ನೊಬ್ಬನು ಹೊರಗುಳಿಯಬೇಕಾಯಿತು. ಉಳಿದವನಿಗೆ ಮರ್ಯಾದೆಯಿಂದ ಬದುಕುವಷ್ಟು ಸಂಬಳ ದೊರೆಯಿತು. ಹತ್ತಾರು ವರ್ಷ ಪಾಠ ಹೇಳಿ, ಬೇರೆ ನೌಕರಿಯ ವಯಸ್ಸು ಮೀರಿದವನು ಬರಿಗೈಯಲ್ಲಿ ಮನೆಗೆ ಹೋದನು.

ಇಬ್ಬರಿಗೂ ಅರೆಹೊಟ್ಟೆಯೋ, ಒಬ್ಬನಿಗೆ ಪೂರ್ಣ ಊಟವೋ? ಇದಕ್ಕೆ ಸುಲಭವಾದ ಉತ್ತರವಿದೆಯೆಂದು ನಾನು ಹೇಳಲಾರೆ. ಹನ್ನೊಂದು ಸಾವಿರದಲ್ಲಿ ಸಂಸಾರ ನಡೆಸಿರೆಂದು ವಿದ್ವಾಂಸರಿಗೆ ಹೇಳುವುದು ನಾಚಿಕೆಗೇಡು. ಆ ನಾಚಿಕೆಯನ್ನು ಕಳೆಯುವ ಸಲುವಾಗಿ ಕೆಲವರನ್ನು ಬೀದಿಗೆ ನೂಕುವುದೂ ನಾಚಿಕೆಗೇಡೇ. ಮಠದ ಪಂಕ್ತಿಯಲ್ಲಿ ಕುಳಿತು ಉಂಡ ನಿಮಗೆ ಪಂಕ್ತಿಭೇದವೆಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಕ್ಕಿ ಕಡಮೆಯಾದ ದಿನ ಅಂಬಲಿ ತೆಳುವಾಗಬಹುದು. ಕುಳಿತವನನ್ನು ಎಬ್ಬಿಸುವಂತಿಲ್ಲ ಎಂಬುದು ಪಂಕ್ತಿಯ ಧರ್ಮ.

ಹಾಗಾದರೆ ಎಲ್ಲರಿಗೂ ನೂರಕ್ಕೆ ಹತ್ತರಂತೆ ಸಮನಾಗಿ ಕತ್ತರಿಸಿದರಾಯಿತಲ್ಲವೇ ಎಂದು ನೀವು ಕೇಳಬಹುದು. ಸಭೆಗಳಿಗೆ ಬಹು ಪ್ರಿಯವಾದ ಸೂತ್ರವಿದು; ಯಾರೊಡನೆಯೂ ಜಗಳವಿಲ್ಲದೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುತ್ತದೆ! ಆದರೆ ಇಪ್ಪತ್ತು ಜನ ಅಧ್ಯಾಪಕರಿರುವ ವಿಭಾಗ ಇಬ್ಬರನ್ನು ಕಳೆದುಕೊಂಡು ಬದುಕೀತು. ಒಬ್ಬನೇ ಇರುವ ವಿಭಾಗ ಏನು ಮಾಡಬೇಕು? ದಪ್ಪನಾದವನೂ ಬಡಕಲಾದವನೂ ಒಂದೇ ತೂಕದ ಮಾಂಸವನ್ನು ಕಳೆದುಕೊಂಡರೆ ಅದನ್ನು ಸಮತೆಯೆನ್ನುವುದು ಹೇಗೆ?

ಈ ತೊಡಕನ್ನು ನಮ್ಮ ಹಿಂದಿನ ರೈತರು ಕೆರೆಯ ದಂಡೆಯ ಮೇಲೆ ನಿಂತು ವಿಚಾರ ಮಾಡಿದ್ದರು. ಮಧುಗಿರಿ, ಪಾವಗಡಗಳಿಂದ ಮೂಡಲಿಗೆ ಹೋದರೆ ಸಿಗುವ ಕೋಲಾರದ ಸೀಮೆಯಲ್ಲಿ ದಾಮಾಷಾ ಎಂಬ ಪದ್ಧತಿಯಿತ್ತು. ಮಳೆ ಕೈಕೊಟ್ಟು ಕೆರೆಯ ನೀರು ಇಡೀ ಅಚ್ಚುಕಟ್ಟಿಗೆ ಸಾಲದೆಂದು ಕಂಡ ವರ್ಷ, ತೂಬಿನ ಬಳಿಯ ಗದ್ದೆಗಳವರು ಮಾತ್ರ ಬೆಳೆದುಕೊಂಡು ಕಡೆಯ ಗದ್ದೆಗಳವರು ಬಾಯಿ ಬಿಡುವಂತಿರಲಿಲ್ಲ. ಇರುವ ನೀರಿಗೆ ಎಷ್ಟು ನೆಲ ಬೆಳೆದೀತೆಂದು ಊರವರು ಕೂಡಿ ಅಳೆದು, ತೂಬಿನ ಸಮೀಪದ ಅಷ್ಟು ನೆಲವನ್ನು ಆ ಒಂದು ಬೆಳೆಯ ಮಟ್ಟಿಗೆ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಪಾಲು ಹಾಕುತ್ತಿದ್ದರು. ಕಡೆಯ ಗದ್ದೆಯವನು ಆ ವರ್ಷ ತೂಬಿನ ಬುಡದಲ್ಲಿ ಉಳುತ್ತಿದ್ದನು. ತೂಬಿನ ಬುಡದ ಒಡೆಯನು ತನ್ನ ಸ್ವಂತ ನೆಲದಲ್ಲಿ ಇನ್ನೊಬ್ಬನಿಗೆ ಎಡೆಗೊಡುತ್ತಿದ್ದನು. ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ನೆಲವೇ ಇಲ್ಲದ ಕೂಲಿಯವನಿಗೆ ಇದರಲ್ಲಿ ಪಾಲಿರಲಿಲ್ಲ. ಆದರೂ ಅದರ ಒಂದು ಅಂಶ ನಮ್ಮ ವಿದ್ಯಾವಂತರ ಸಭೆಗಳಿಗಿಂತ ಮುಂದಿತ್ತು: ಕೊರತೆ ಬಂದಾಗ ಮೊದಲು ಎಡೆ ಬಿಡಬೇಕಾದವನು ನೀರಿಗೆ ಹತ್ತಿರವಿದ್ದವನು. ವಿಶ್ವವಿದ್ಯಾಲಯದಲ್ಲಿ ನೀರಿಗೆ ಹತ್ತಿರವಿರುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕೆ? ಕಾರು, ಅತಿಥಿಗೃಹ, ಸಮಾರಂಭ, ಭತ್ಯೆಗಳ ಬಾಬುಗಳನ್ನು ಮೊದಲು ತೆರೆದಿಟ್ಟು, ಬಳಿಕ ಗ್ರಂಥಾಲಯದ ಪತ್ರಿಕೆಗಳಿಗೆ ಕೈ ಹಾಕಿದರೆ, ಹೊರಗಿನವನಿಗೂ ಆ ಸಭೆಯ ಮಾತಿನಲ್ಲಿ ನಂಬಿಕೆ ಹುಟ್ಟೀತು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲ ನಿಮಗೆ ಇದು ಹೊಸ ಮಾತಲ್ಲ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಈ ಪ್ರಸಂಗವನ್ನು ನಾವು ಮಿತವ್ಯಯದ ಉಪದೇಶಕ್ಕೆ ಆಗಾಗ ಬಳಸುತ್ತೇವೆ. ಬಳಸುವಾಗ ಒಂದು ಸಂಗತಿಯನ್ನು ಮರೆಯುತ್ತೇವೆ: ಆಕೆ ಹಿಂದಿರುಗಿಸಿದುದು ತನ್ನ ಮನೆಯ ಅಕ್ಕಿಯನ್ನು, ನೆರೆಮನೆಯದನ್ನಲ್ಲ.

ಸಮುದ್ರದಾಚೆಯೂ ಕಥೆ ಇದೇ ಆಗಿದೆ. ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯ ಸುಮಾರು 4.5 ಕೋಟಿ ಡಾಲರುಗಳ ಕೊರತೆಯನ್ನು ತುಂಬಲೆಂದು 2023ರ ಸೆಪ್ಟೆಂಬರಿನಲ್ಲಿ 28 ಪದವಿ ವಿಷಯಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ರದ್ದುಪಡಿಸಿತು. ಪರಭಾಷೆಗಳ ಪದವಿಗಳು ಅದರಲ್ಲಿ ಹೋದವು. ಅದಕ್ಕೆ ಕೆಲವೇ ದಿನಗಳ ಮುನ್ನ ಅಧ್ಯಾಪಕರ ಮಹಾಸಭೆ ಅಧ್ಯಕ್ಷರಲ್ಲಿ ಅವಿಶ್ವಾಸವನ್ನು ಭಾರೀ ಬಹುಮತದಿಂದ ಸೂಚಿಸಿತ್ತು. ಆದರೆ ಅಷ್ಟರಲ್ಲಿ ಪಟ್ಟಿ ಸಿದ್ಧವಾಗಿತ್ತು.

ಆ ಪಟ್ಟಿಗೂ ನಮ್ಮಲ್ಲಿನ ಮಾತಿಗೂ ಆಧಾರ ಒಂದೇ: ಈ ವಿಷಯಕ್ಕೆ ವಿದ್ಯಾರ್ಥಿಗಳು ಎಷ್ಟು ಮಂದಿ? ಈ ಪ್ರಶ್ನೆಯನ್ನು ಕೇಳಲೇಬಾರದೆಂದು ನಾನು ಹೇಳುವುದಿಲ್ಲ. ಜನರ ತೆರಿಗೆಯ ಹಣಕ್ಕೆ ಲೆಕ್ಕ ಕೊಡಬೇಕು. ಖಾಲಿ ಕೊಠಡಿಗೆ ಪಾಠ ಹೇಳುವುದಕ್ಕೆ ಸಂಬಳ ಕೊಡಲಾಗದು. ಆದರೆ ನಮ್ಮ ಶಿರಾ, ಮಧುಗಿರಿ, ಪಾವಗಡ ಸೀಮೆಯ ಶಾಸನಗಳನ್ನೇ ನೋಡಿರಿ. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಹೊಲದ ಬದುವಿನ ಮೇಲಿನ ವೀರಗಲ್ಲನ್ನು ಓದುವುದಕ್ಕೆ ಹಳಗನ್ನಡ ಬಲ್ಲವನೊಬ್ಬನು ಬೇಕು. ಶಾಸನಶಾಸ್ತ್ರಕ್ಕೆ ವರ್ಷಕ್ಕೆ ಮೂವರು ಸೇರಿದರೆಂದು ಅದನ್ನು ಮುಚ್ಚಿದರೆ, ಉಳಿತಾಯ ಒಂದು ಸಂಬಳ. ಮುಂದೆ ಹಣ ಬಂದಾಗ ಹುದ್ದೆಯನ್ನು ಮತ್ತೆ ಮಂಜೂರು ಮಾಡಬಹುದು. ಓದಿಸಬಲ್ಲವನನ್ನು ಮಂಜೂರು ಮಾಡಲಾಗದು, ಏಕೆಂದರೆ ನಡುವಿನ ಇಪ್ಪತ್ತು ವರ್ಷಗಳಲ್ಲಿ ಯಾರೂ ಕಲಿತಿರುವುದಿಲ್ಲ. ಸುಣ್ಣ ಬಳಿಯುವುದನ್ನು ಈ ವರ್ಷ ಬಿಟ್ಟರೆ ಮುಂದಿನ ವರ್ಷ ಬಳಿಯಬಹುದು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಬರೆಯುವ ಲೆಕ್ಕಿಗನು ಅಂಕಿಗಳಲ್ಲಿ ಎಷ್ಟು ನಿಪುಣನಾದರೂ ವಸ್ತುಗಳ ಸ್ವಭಾವವನ್ನು ಅರಿಯದವನು.

ಗೌಡಗೆರೆ ಹೋಬಳಿಯ ಮಳೆಯಾಶ್ರಿತ ಕಡಲೆಕಾಯಿ ಹೊಲಗಳಿಂದ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹುಡುಗಿಗೆ ಸಿಂಡಿಕೇಟಿನ ಹೆಸರೂ ತಿಳಿದಿರಲಾರದು. ಅನುಕೂಲಸ್ಥರ ಮಗನು ತನ್ನ ಕಾಲೇಜಿನಲ್ಲಿ ಒಂದು ವಿಷಯ ನಿಂತುಹೋದರೆ ಬೆಂಗಳೂರಿಗೆ ಹೋಗಿ ಅದನ್ನು ಓದುತ್ತಾನೆ. ಈಕೆಗೆ ಶಿರಾದಲ್ಲಿಯೋ ತುಮಕೂರಿನಲ್ಲಿಯೋ ಇಲ್ಲದ ವಿಷಯ ಪ್ರಪಂಚದಲ್ಲಿಯೇ ಇಲ್ಲ. ವಾಚಕರಾದ ನಿಮ್ಮಲ್ಲಿ ಯಾರಾದರೂ ಇಂಥ ಸಭೆಯ ಸದಸ್ಯರಾಗಿದ್ದರೆ, ಕಡಿತದ ಪ್ರಸ್ತಾಪ ಬಂದ ದಿನ ಅಂಕಿಗಳ ಕಾಗದದ ಜತೆಗೆ ಇನ್ನೊಂದು ಕಾಗದವನ್ನು ಕೇಳಿರಿ: ಪ್ರತಿಯೊಂದು ಬಾಬು ಕಡಿಮೆಯಾದರೆ ತೊಂದರೆಗೊಳಗಾಗುವವರು ಯಾರು, ಅವರ ಪೈಕಿ ಈ ಕೊಠಡಿಯಲ್ಲಿರುವವರು ಎಷ್ಟು ಮಂದಿ ಎಂಬುದು ಅದರಲ್ಲಿರಲಿ. ಇಲ್ಲದವರಲ್ಲಿ ಇಬ್ಬರನ್ನಾದರೂ ಕರೆಸಿ, ಕುರ್ಚಿ ಕೊಟ್ಟು, ಮತಕ್ಕೆ ಹಾಕುವ ಮುನ್ನ ಅವರ ಮಾತು ಕೇಳಲು ಯಾವ ಅಧಿನಿಯಮದ ತಿದ್ದುಪಡಿಯೂ ಬೇಕಾಗಿಲ್ಲ. ಸಭೆ ಅರ್ಧ ದಿನ ಹೆಚ್ಚು ನಡೆಯಬಹುದು, ಅಷ್ಟೆ.