ಎಲೀಯನ ನಿದ್ರೆಯೂ ಎಲೀಯನ ನಡಿಗೆಯೂ



ಪ್ರವಾದಿಯಾದ ಎಲೀಯನು ಪ್ರಾಣಭಯದಿಂದ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ತನಗೆ ಮರಣವೇ ಲೇಸೆಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆಯನ್ನೂ, ಬಳಿಕ ರೊಟ್ಟಿ ನೀರನ್ನೂ, ಆಮೇಲೆ ಹೋರೇಬಿನ ವರೆಗೆ ನಾಲ್ವತ್ತು ದಿನ ನಡೆಯುವ ಬಲವನ್ನೂ ಕೊಟ್ಟನು. ಬಿಸಿಲೆಯ ಸೀಮೆಯವರಾದ ನಾವು ಇದನ್ನು ಈಗ ಚೆನ್ನಾಗಿ ಧ್ಯಾನಿಸತಕ್ಕದ್ದು.

2025ನೇ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಹೋದರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಯೌವನಸ್ಥರೂ ಇದ್ದರು. ಜನರು ಭೀತಿಗೊಂಡು ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಗುಂಪುಗೂಡಿದರು. ಸರಕಾರವು ನೇಮಿಸಿದ ತಜ್ಞರ ಸಮಿತಿಯಾದರೋ ವಿಚಾರಣೆ ಮಾಡಿ, ಇಂಥ ಮರಣಗಳು ಅಸಾಧಾರಣವಾಗಿ ಹೆಚ್ಚಿಲ್ಲವೆಂದು ಜುಲೈ ತಿಂಗಳಲ್ಲಿ ತಿಳಿಸಿತು. ಆದಕಾರಣ ಹೊಸ ಮಾರಿ ಬಂತೆಂದು ಯಾರೂ ನಡುಗಬಾರದು. ಮಡಿದವರು ನಮಗಿಂತ ಹೆಚ್ಚು ಪಾಪಿಗಳೆಂದು ಯಾರೂ ಆಡಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ, ಕುಡಿತ ಎಂಬ ಹಳೆಯ ಶತ್ರುಗಳೇ ಇನ್ನೂ ಬಾಗಲಲ್ಲಿ ನಿಂತಿವೆ. ನಮ್ಮ ದಿನಚರಿಯೂ ಅವುಗಳಿಗೆ ಬಾಗಲು ತೆರೆಯುವದುಂಟು.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ ಪಟ್ಟಣದ ಬಸ್ಸಿನವರ ವಿಷಯವನ್ನು ಪ್ರಕಟಿಸಿದರು. ದಿನವೆಲ್ಲಾ ಕೂತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಲುಗಳನ್ನು ಹತ್ತಿ ಇಳಿಯುವ ಕಂಡಕ್ಟರರಲ್ಲಿ ಹೃದ್ರೋಗವು ಕಡಿಮೆಯಾಗಿತ್ತು. ಯಾಕಂದರೆ ನಡೆಯುವವನ ಮಾಂಸಖಂಡಗಳು ರಕ್ತದೊಳಗಣ ಸಕ್ಕರೆಯನ್ನು ಉರಿಸುತ್ತವೆ. ಬಹುಹೊತ್ತು ಕೂತವನಲ್ಲಿ ಅದು ರಕ್ತದಲ್ಲೇ ಹೆಚ್ಚಾಗಿ ಉಳಿಯುತ್ತದೆ. ಹಿಂದೆ ಸುಬ್ರಹ್ಮಣ್ಯದ ಕಡೆಗೆ ಕಾಲ್ನಡೆಯಾಗಿ ಘಟ್ಟವಿಳಿಯುತ್ತಿದ್ದಲ್ಲಿ ಈಗ ಜೀಪು ಇಳಿಯುತ್ತದೆ. ಜೀಪು ನಡಿಸುವ ತಮ್ಮಂದಿರೇ, ಅಂಗಡಿಯಲ್ಲಿ ಕೂರುವ ಅಣ್ಣಂದಿರೇ, ಆಗಾಗ್ಗೆ ಎದ್ದು ನಡೆಯಿರಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂಬದು ವಿಶ್ವ ಆರೋಗ್ಯ ಸಂಸ್ಥೆಯ ಬುದ್ಧಿವಾದ.

ಆದರೆ ತೋಟದಲ್ಲಿ ದುಡಿಯುವವನು, "ನನಗೇನು ಭಯ?" ಎಂದು ಹಿಗ್ಗದಿರಲಿ. ಹಗಲ ದುಡಿಮೆಯು ಬೀಡಿಯ ಹಾನಿಯನ್ನು ಅಳಿಸದು; ಕೆಟ್ಟ ನಿದ್ರೆಯನ್ನು ತುಂಬಿಕೊಡದು. ನಾವು ಮಲಗಿದಾಗ ರಕ್ತದೊತ್ತಡವು ಇಳಿದು ಹೃದಯವು ವಿಶ್ರಮಿಸುತ್ತದೆ. ಪ್ರಾಯದವರಿಗೆ ರಾತ್ರಿ 7ರಿಂದ 9 ಗಂಟೆಯ ನಿದ್ರೆ ಬೇಕೆಂದು 2022ರಲ್ಲಿ ಅಮೆರಿಕಾ ದೇಶದ ಹೃದಯ ಸಂಘದವರು ತಮ್ಮ ಹೃದಯರಕ್ಷಣೆಯ ನಿಯಮಗಳಿಗೆ ಸೇರಿಸಿದರು. ಆನೆಯ ಕಾಟದಿಂದ ಗದ್ದೆ ಕಾಯುವವನು ಹೇಗೆ ಮಲಗುವನು? ಒಬ್ಬನೇ ಎಲ್ಲಾ ರಾತ್ರಿಗಳನ್ನು ಹೊರದಂತೆ ನೆರೆಯವರು ಸರದಿ ಹಂಚಿಕೊಳ್ಳಲಿ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ಮಲಗುವ ತಾಯಿಯ ಕೆಲಸವನ್ನು ಗಂಡನೂ ಮಕ್ಕಳೂ ಹಂಚಿಕೊಳ್ಳಲಿ. ಪರಸ್ಪರ ಭಾರವನ್ನು ಹೊರುವದೆಂದರೆ ಇದೂ ಅಲ್ಲವೇ?

ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹಬ್ಬಿ, ಬೆವರು ಸುರಿದರೆ ವಾಯುವೆಂದು ಕಷಾಯ ಕುಡಿದು ಕೂಡ್ರಬೇಡಿರಿ; ಆ ಗಳಿಗೆಯಲ್ಲೇ 108ನ್ನು ಕರೆದು ಆಸ್ಪತ್ರೆಗೆ ಹೋಗಿರಿ. ಆಗ ತಡಮಾಡುವದು ವಿಶ್ವಾಸವಲ್ಲ, ಅಲಕ್ಷ್ಯವೇ.

ಎಲೀಯನು ಮಲಗಬೇಕಾದಾಗ ಮಲಗಿದನು, ಏಳೆಂದಾಗ ಎದ್ದನು, ಮುಂದಿನ ದಾರಿಯನ್ನು ನಡೆದನು. ನಮ್ಮ ಹಗಲನ್ನೂ ಇರುಳನ್ನೂ ಕೊಟ್ಟ ದೇವರು ಅವೆರಡನ್ನೂ ಸರಿಯಾಗಿ ಬಳಸುವ ವಿವೇಕವನ್ನು ನಮಗೆ ಅನುಗ್ರಹಿಸಲಿ. ಆಮೆನ್.